ದ್ರವದಿಂದ ನುಣ್ಣನೆಯ ಆಹಾರಕ್ಕೆ: ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ನಂತರದ ನಾಜೂಕಿನ ವಾರಗಳು

ತೂಕ ಇಳಿಸುವ ಶಸ್ತ್ರಚಿಕಿತ್ಸೆ, ಅಂದರೆ ವೈದ್ಯರ ಭಾಷೆಯ ಬೇರಿಯಾಟ್ರಿಕ್ ಸರ್ಜರಿ, ಈಗ ರಾಜ್ಯದ ದೊಡ್ಡ ನಗರಗಳಲ್ಲಿ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ರಂಧ್ರಗಳನ್ನು ಮಾಡಿ ನಡೆಸುವ ಈ ಚಿಕಿತ್ಸೆ ಒಂದೆರಡು ಗಂಟೆಗಳಲ್ಲಿ ಮುಗಿಯುತ್ತದೆ. ತೊಡಕಿಲ್ಲದಿದ್ದರೆ ಎರಡು ಮೂರು ದಿನಗಳಲ್ಲಿ ರೋಗಿ ಮನೆಗೆ ಮರಳುತ್ತಾನೆ. ಆದರೆ ಹೊರಗಿನ ಗಾಯ ಒಣಗಿದಷ್ಟು ಬೇಗ ಒಳಗಿನ ಗಾಯ ಒಣಗುವುದಿಲ್ಲ. ಆ ಗಾಯದ ಮೇಲೆಯೇ ದಿನವೂ ಆಹಾರ ಹಾದುಹೋಗಬೇಕು. ಆದ್ದರಿಂದಲೇ ಮೊದಲ ಆರೇಳು ವಾರಗಳ ಆಹಾರಕ್ರಮವೂ ಶಸ್ತ್ರಚಿಕಿತ್ಸೆಯ ಒಂದು ಭಾಗವೆಂದೇ ವೈದ್ಯರು ಪರಿಗಣಿಸುತ್ತಾರೆ.

ಈ ಅವಧಿಯಲ್ಲಿ ಹೆಚ್ಚು ಎಡವಟ್ಟುಗಳಾಗುವುದು ದ್ರವಾಹಾರದಿಂದ ನುಣ್ಣಗೆ ರುಬ್ಬಿದ ಆಹಾರಕ್ಕೆ ದಾಟುವ ಹೊತ್ತಿನಲ್ಲಿ. ಎರಡು ವಾರ ಬರೀ ನೀರು, ಸಾರು, ಮಜ್ಜಿಗೆ ಕುಡಿದು ಬೇಸತ್ತ ರೋಗಿಗೆ ‘ಇನ್ನು ಊಟ ಮಾಡಬಹುದು’ ಎಂಬ ಮಾತು ಬಿಡುಗಡೆಯಂತೆ ಕೇಳಿಸುತ್ತದೆ. ನೋವು ಕಡಿಮೆಯಾಗಿರುತ್ತದೆ, ಓಡಾಟ ಶುರುವಾಗಿರುತ್ತದೆ, ಕೆಲವರು ಕಚೇರಿಗೂ ಹೋಗತೊಡಗಿರುತ್ತಾರೆ. ದೇಹ ಪೂರ್ತಿ ಚೇತರಿಸಿಕೊಂಡಿದೆ ಎಂಬ ಭ್ರಮೆ ಹುಟ್ಟುವುದು ಇಲ್ಲಿಯೇ.

ಒಳಗೆ ಬದಲಾಗಿರುವುದೇನು?

ಗ್ಯಾಸ್ಟ್ರಿಕ್ ಬೈಪಾಸ್ ಎಂಬ ವಿಧಾನವನ್ನು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಡಾ. ಎಡ್ವರ್ಡ್ ಮೇಸನ್ ಮತ್ತು ಡಾ. ಇಟೊ 1966ರಲ್ಲಿ ಆರಂಭಿಸಿದರು. 1994ರ ಹೊತ್ತಿಗೆ ಅದು ಲ್ಯಾಪರೊಸ್ಕೋಪಿ ಮೂಲಕವೂ ಸಾಧ್ಯವಾಯಿತು. ಈ ವಿಧಾನದಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲವೊಂದನ್ನು ಮಾಡಿ, ಅದನ್ನು ನೇರವಾಗಿ ಸಣ್ಣಕರುಳಿಗೆ ಜೋಡಿಸಲಾಗುತ್ತದೆ.

ಇಂದು ಜಗತ್ತಿನಲ್ಲಿ ಹೆಚ್ಚು ನಡೆಯುವುದು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಇದರಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಕಿರಿದಾದ ಕೊಳವೆ. ಅದರಲ್ಲಿ ಹಿಡಿಯುವುದು ಸುಮಾರು 100ರಿಂದ 150 ಮಿಲಿಲೀಟರ್, ಅಂದರೆ ಒಂದು ಕಾಫಿ ಲೋಟದಷ್ಟು. ಹಸಿವನ್ನು ಪ್ರಚೋದಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಕತ್ತರಿಸಿ ತೆಗೆದ ಭಾಗದಲ್ಲಿಯೇ. ಹಾಗಾಗಿ ಮೊದಲ ತಿಂಗಳುಗಳಲ್ಲಿ ಅನೇಕರಿಗೆ ಹಸಿವೇ ಆಗುವುದಿಲ್ಲ. ತಿನ್ನಲು ಹಸಿವನ್ನೇ ಕಾಯುತ್ತ ಕುಳಿತರೆ ದೇಹ ಸೊರಗುತ್ತದೆ. ಬಾಯಿಚಪಲಕ್ಕೆ ಮಣಿದು ತಿಂದರೆ ಹೊಸ ಜಠರ ತಾಳುವುದಿಲ್ಲ.

ಎರಡೂ ವಿಧಾನಗಳಲ್ಲಿ ಕತ್ತರಿಸಿದ ಅಂಚುಗಳನ್ನು ಟೈಟಾನಿಯಂ ಲೋಹದ ಸಣ್ಣ ಸ್ಟೇಪಲ್‌ಗಳ ಸಾಲು ಹಿಡಿದಿರುತ್ತದೆ. ಮೊದಲ ಕೆಲವು ದಿನ ಆ ಅಂಚುಗಳನ್ನು ಕೂಡಿಸಿಡುವುದು ಬಹುಮಟ್ಟಿಗೆ ಈ ಸ್ಟೇಪಲ್‌ಗಳೇ. ದೇಹವು ಹೊಸ ಅಂಗಾಂಶ ನೇಯ್ದು ಆ ಜಾಗವನ್ನು ಗಟ್ಟಿ ಮಾಡಲು ವಾರಗಳು ಬೇಕು. ಇದರ ಜೊತೆಗೆ ಒಳಗೋಡೆಯಲ್ಲಿ ಬಾವು ಇರುವುದರಿಂದ, ಮೊದಲೇ ಕಿರಿದಾದ ದಾರಿ ಇನ್ನಷ್ಟು ಇಕ್ಕಟ್ಟಾಗಿರುತ್ತದೆ. ಇಂಥ ದಾರಿಯಲ್ಲಿ ಗಟ್ಟಿ ತುತ್ತೊಂದು ಸಿಕ್ಕಿಕೊಂಡರೆ ಒಳಗಿನ ಒತ್ತಡ ಏರುತ್ತದೆ, ವಾಂತಿಯಾಗುತ್ತದೆ. ಪದೇ ಪದೇ ಆಗುವ ವಾಂತಿ ಹಸಿ ಗಾಯವನ್ನು ಮತ್ತಷ್ಟು ಹಿಂಸಿಸುತ್ತದೆ.

ಹಂತ ಹಂತವಾಗಿ

ಆಹಾರದ ಹಂತಗಳು ಆಸ್ಪತ್ರೆಯಿಂದ ಆಸ್ಪತ್ರೆಗೆ ಕೊಂಚ ಬೇರೆಯಾಗಿರುತ್ತವೆ. ಆದರೆ ಸಾಮಾನ್ಯವಾಗಿ ಅನುಸರಿಸುವ ಕ್ರಮ ಹೀಗಿದೆ.

ಮೊದಲ ಒಂದೆರಡು ದಿನ ತಿಳಿದ್ರವ: ನೀರು, ಎಳನೀರು, ಸೋಸಿದ ಬೇಳೆಕಟ್ಟು, ಖಾರವಿಲ್ಲದ ತಿಳಿಸಾರು.

ಅಲ್ಲಿಂದ ಎರಡನೆಯ ವಾರದ ಕೊನೆಯವರೆಗೆ ಪೂರ್ಣ ದ್ರವ: ಕೆನೆ ತೆಗೆದ ಹಾಲು, ಮಜ್ಜಿಗೆ, ಸೋಸಿದ ಸೂಪು, ನೀರಾದ ಅಂಬಲಿ, ಪ್ರೋಟೀನ್ ಪುಡಿ ಕಲಸಿದ ಪಾನೀಯ.

ಮೂರನೆಯ ವಾರದ ಆಸುಪಾಸಿನಿಂದ ಎರಡು ವಾರ ನುಣ್ಣನೆಯ ಆಹಾರ. ಆಸ್ಪತ್ರೆಯ ಪಟ್ಟಿಯಲ್ಲಿ ‘ಪ್ಯೂರಿ’ ಎಂದು ಕಾಣುವುದು ಇದೇ.

ಐದನೆಯ ವಾರದಿಂದ ಮೆತ್ತನೆಯ ಆಹಾರ, ಎರಡು ತಿಂಗಳ ಹೊತ್ತಿಗೆ ಎಂದಿನ ಊಟ, ಆದರೆ ಸಣ್ಣ ಪ್ರಮಾಣದಲ್ಲಿ.

ಇವು ಸ್ಥೂಲ ಅಂದಾಜುಗಳು ಮಾತ್ರ. ಕ್ಯಾಲೆಂಡರಿನಲ್ಲಿ ಹದಿನಾಲ್ಕು ದಿನ ಕಳೆದ ಮಾತ್ರಕ್ಕೆ ಮುಂದಿನ ಹಂತಕ್ಕೆ ಅರ್ಹತೆ ಬಂತೆಂದು ತಿಳಿಯಬಾರದು. ದಿನಕ್ಕೆ ಒಂದೂವರೆ ಲೀಟರಿನಷ್ಟು ದ್ರವ ಗುಟುಕು ಗುಟುಕಾಗಿ ಒಳಹೋಗುತ್ತಿದೆಯೇ, ವಾಂತಿ, ಜ್ವರ, ಹೆಚ್ಚುತ್ತಿರುವ ಹೊಟ್ಟೆನೋವು ಇಲ್ಲವೇ ಎಂಬುದನ್ನು ನೋಡಿಕೊಂಡು, ಶಸ್ತ್ರಚಿಕಿತ್ಸೆ ಮಾಡಿದ ತಂಡ ಒಪ್ಪಿದ ಮೇಲಷ್ಟೇ ಹೆಜ್ಜೆ ಮುಂದಿಡಬೇಕು. ಒಂದೇ ದಿನ ಒಂದೇ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದ ಇಬ್ಬರು ಬೇರೆ ಬೇರೆ ದಿನಗಳಲ್ಲಿ ತೊವ್ವೆ ಉಣ್ಣತೊಡಗಿದರೆ ಅದರಲ್ಲಿ ಅಸಹಜವೇನೂ ಇಲ್ಲ.

ಯಾವ ಹದಕ್ಕೆ ‘ನುಣ್ಣನೆ’ ಎನ್ನಬೇಕು?

ಅನ್ನವನ್ನು ಕೈಯಲ್ಲಿ ಹಿಸುಕಿದರೆ, ಇಡ್ಲಿಯನ್ನು ಸಾರಿನಲ್ಲಿ ನೆನೆಸಿದರೆ ಸಾಕೆಂದು ಅನೇಕ ಮನೆಗಳಲ್ಲಿ ಭಾವಿಸುತ್ತಾರೆ. ಅದು ಮೆತ್ತನೆಯ ಆಹಾರವೇ ಹೊರತು ನುಣ್ಣನೆಯದಲ್ಲ. ಈ ಹಂತದ ಆಹಾರದಲ್ಲಿ ಗಂಟು, ಸಿಪ್ಪೆ, ಬೀಜ, ನಾರು ಯಾವುದೂ ಇರಕೂಡದು. ಅಗಿಯುವ ಅಗತ್ಯವೇ ಬೀಳಬಾರದು.

ನುಂಗಲು ತೊಂದರೆಯಿರುವ ರೋಗಿಗಳಿಗಾಗಿ ರೂಪಿಸಲಾದ ಐಡಿಡಿಎಸ್‌ಐ ಎಂಬ ಅಂತರರಾಷ್ಟ್ರೀಯ ಅಳತೆಗೋಲಿನಲ್ಲಿ ನುಣ್ಣನೆಯ ಆಹಾರಕ್ಕೆ 4ನೆಯ ಹಂತ. ಅಲ್ಲಿ ಹೇಳಿರುವ ಪರೀಕ್ಷೆಯನ್ನು ಮನೆಯಲ್ಲಿಯೂ ಮಾಡಬಹುದು. ಚಮಚದಲ್ಲಿ ತೆಗೆದ ಆಹಾರ ತನ್ನ ಆಕಾರ ಉಳಿಸಿಕೊಳ್ಳಬೇಕು. ಚಮಚವನ್ನು ಓರೆ ಮಾಡಿ ಮೆಲ್ಲಗೆ ಅಲುಗಿಸಿದರೆ ಇಡಿಯಾಗಿ ಜಾರಿ ಬೀಳಬೇಕು. ಚಮಚಕ್ಕೆ ಅಂಟಿಕೊಂಡೇ ಉಳಿದರೆ ಅದು ಜಿಗುಟಾಗಿದೆ ಎಂದರ್ಥ, ನೀರಿನಂತೆ ಹರಿದುಹೋದರೆ ಇನ್ನೂ ದ್ರವವೇ ಆಗಿದೆ ಎಂದರ್ಥ.

ಇದಕ್ಕೆ ವಿಶೇಷ ಉಪಕರಣಗಳೇನೂ ಬೇಡ. ಕುಕ್ಕರಿನಲ್ಲಿ ಮಾಮೂಲಿಗಿಂತ ಹೆಚ್ಚು ಹೊತ್ತು ಬೇಯಿಸಿ, ಮಿಕ್ಸಿಯಲ್ಲಿ ರುಬ್ಬಿ, ಜಾಲರಿಯಲ್ಲಿ ಒಮ್ಮೆ ಸೋಸಿದರೆ ಹದ ಸಿದ್ಧ. ತೆಳು ಮಾಡಲು ನೀರಿನ ಬದಲು ಬೇಳೆಕಟ್ಟು, ಹಾಲು ಅಥವಾ ಮಜ್ಜಿಗೆ ಬಳಸಿದರೆ ಪೌಷ್ಟಿಕಾಂಶ ಉಳಿಯುತ್ತದೆ. ಎಳೆಯ ಮಕ್ಕಳಿಗೆ ಮಣ್ಣಿ ಮಾಡಿ ಅಭ್ಯಾಸವಿರುವ ಮನೆಗಳಿಗೆ ಈ ಕೆಲಸ ಹೊಸತಲ್ಲ. ಮಣ್ಣಿಗೆ ಹಾಕುವ ಬೆಲ್ಲ, ತುಪ್ಪಗಳನ್ನು ಮಾತ್ರ ಇಲ್ಲಿ ಮರೆಯಬೇಕು.

ಪ್ರೋಟೀನ್‌ಗೇ ಮೊದಲ ಮಣೆ

ನಮ್ಮಲ್ಲಿ ಕಾಯಿಲೆಯಿಂದ ಎದ್ದವರಿಗೆ ಮೊದಲು ನೆನಪಾಗುವುದು ಗಂಜಿ. ಕರಾವಳಿಯ ಕುಚ್ಚಲಕ್ಕಿ ಗಂಜಿಯಾಗಲಿ, ಬಯಲುಸೀಮೆಯ ರಾಗಿ ಅಂಬಲಿಯಾಗಲಿ ಹೊಟ್ಟೆಗೆ ಹಗುರ, ನಿಜ. ಆದರೆ ತೂಕ ಇಳಿಸುವ ಶಸ್ತ್ರಚಿಕಿತ್ಸೆಯಾದವರಿಗೆ ಗಂಜಿಯೊಂದೇ ಸಾಲದು. ಗಾಯ ಮಾಯಲು, ಸ್ನಾಯು ಕರಗದಿರಲು, ಮುಂದೆ ಕೂದಲು ವಿಪರೀತ ಉದುರದಿರಲು ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಮಾತು. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಇರುವುದೇ ಸುಮಾರು 7 ಗ್ರಾಂ. ಒಂದು ಲೋಟ ಅಂಬಲಿಗೆ ಬೀಳುವ ಹಿಟ್ಟು ಎರಡು ಚಮಚವಾದರೆ ಸಿಗುವ ಪ್ರೋಟೀನ್ ಎಷ್ಟೆಂದು ಯಾರಾದರೂ ಊಹಿಸಬಹುದು.

ಲೆಕ್ಕ ಹಾಕಿ ನೋಡಿದರೆ ಸಮಸ್ಯೆಯ ಗಾತ್ರ ತಿಳಿಯುತ್ತದೆ. ಈ ಹಂತದಲ್ಲಿ ಒಂದು ಹೊತ್ತಿಗೆ ಹಿಡಿಯುವುದು ಮೂರು ನಾಲ್ಕು ದೊಡ್ಡ ಚಮಚ, ಅಂದರೆ ಹೆಚ್ಚೆಂದರೆ 60 ಮಿಲಿಲೀಟರ್. ದಿನಕ್ಕೆ ಆರು ಸಲ ತಿಂದರೂ ಒಟ್ಟು 360 ಮಿಲಿಲೀಟರ್. ಅಷ್ಟನ್ನೂ ಗಟ್ಟಿ ತೊವ್ವೆಯಲ್ಲಿಯೇ ತುಂಬಿದರೆ ಸಿಗುವ ಪ್ರೋಟೀನ್ ಸುಮಾರು 22 ಗ್ರಾಂ. ಊಟದ ನಡುವೆ 400 ಮಿಲಿಲೀಟರ್ ಕೆನೆರಹಿತ ಹಾಲು ಕುಡಿದರೆ ಇನ್ನೊಂದು 13 ಗ್ರಾಂ. ಎರಡೂ ಸೇರಿ 35 ಗ್ರಾಂ. ಉಳಿದ 25 ಗ್ರಾಂ ಎಲ್ಲಿಂದ ಬರಬೇಕು? ವೈದ್ಯರು ಪ್ರೋಟೀನ್ ಪುಡಿ ಬರೆದುಕೊಡುವುದು ಈ ಕೊರತೆ ತುಂಬಲು. ‘ಊಟ ಶುರುವಾಯಿತಲ್ಲ, ಇನ್ನು ಪುಡಿ ಏಕೆ’ ಎಂದು ಅದನ್ನು ನಿಲ್ಲಿಸುವುದು ಈ ಹಂತದಲ್ಲಿ ಎದ್ದು ಕಾಣುವ ತಪ್ಪು.

ನುಣ್ಣನೆಯ ಊಟಕ್ಕೆ ಒಗ್ಗುವ ಪದಾರ್ಥಗಳು ನಮ್ಮ ಅಡುಗೆಮನೆಗಳಲ್ಲಿ ಸಾಕಷ್ಟಿವೆ. ಸಿಪ್ಪೆ ತೆಗೆದ ಹೆಸರುಬೇಳೆ ಬೇಗ ನುಣ್ಣಗಾಗುತ್ತದೆ, ವಾಯುವಿನ ಕಾಟವೂ ಕಡಿಮೆ. ಮೊಸರನ್ನು ತೆಳುಬಟ್ಟೆಯಲ್ಲಿ ಕಟ್ಟಿ ಕೆಲವು ಗಂಟೆ ತೂಗುಹಾಕಿ ನೀರು ಇಳಿಸಿದರೆ, ಅಷ್ಟೇ ಚಮಚದಲ್ಲಿ ಮಾಮೂಲಿ ಮೊಸರಿಗಿಂತ ಹೆಚ್ಚು ಪ್ರೋಟೀನ್ ಸಿಗುತ್ತದೆ. ಕಡಿಮೆ ಕೊಬ್ಬಿನ ಪನೀರನ್ನು ಹಾಲಿನೊಡನೆ ರುಬ್ಬಬಹುದು. ಮೊಟ್ಟೆ ತಿನ್ನುವವರಿಗೆ ಒಂದು ಮೊಟ್ಟೆಯಿಂದ ಸುಮಾರು 6 ಗ್ರಾಂ ಪ್ರೋಟೀನ್ ದೊರೆಯುತ್ತದೆ. ಚೆನ್ನಾಗಿ ಬೇಯಿಸಿ, ತುಸು ಹಾಲು ಬೆರೆಸಿ ರುಬ್ಬಬೇಕು. ಮೀನು ತಿನ್ನುವವರು ಎಣ್ಣೆ ಕಡಿಮೆಯಿರುವ ಬಿಳಿ ಮಾಂಸದ ಮೀನನ್ನು ಬೇಯಿಸಿ, ಮುಳ್ಳನ್ನು ಬೆರಳಲ್ಲಿ ತಡಕಿ ತೆಗೆದು, ಖಾರವಿಲ್ಲದ ಸಾರಿನೊಡನೆ ನುಣ್ಣಗೆ ಮಾಡಬಹುದು.

ಪ್ರೋಟೀನ್ ಮೊದಲು, ಜಾಗ ಉಳಿದರೆ ತರಕಾರಿ ಎಂಬುದು ನಿಯಮ. ಕುಂಬಳಕಾಯಿ, ಸೋರೆಕಾಯಿ, ಕ್ಯಾರೆಟ್ ಈ ಹಂತಕ್ಕೆ ಹೊಂದುತ್ತವೆ. ನಾರು ಹೆಚ್ಚಿರುವ ನುಗ್ಗೆಕಾಯಿ, ಹುರುಳಿಕಾಯಿ, ಸೊಪ್ಪಿನ ದಂಟು ಕಾಯಬೇಕು. ಶಸ್ತ್ರಚಿಕಿತ್ಸೆಯ ನಂತರ ಕೆಲವರಿಗೆ ಹಾಲು ಅರಗದೆ ಹೊಟ್ಟೆ ಉಬ್ಬರ, ಭೇದಿ ಕಾಣಿಸಿಕೊಳ್ಳುವುದುಂಟು. ಅಂಥವರು ಮೊಸರು, ಮಜ್ಜಿಗೆಗೆ ಬದಲಾಯಿಸಿಕೊಂಡು ವೈದ್ಯರಿಗೆ ತಿಳಿಸಬೇಕು.

ಮುದ್ದೆ, ಚಪಾತಿ, ಪಾಯಸ

ಮಂಡ್ಯ, ಹಾಸನ, ಮೈಸೂರು ಸೀಮೆಯ ಊಟದ ಪದ್ಧತಿಯಲ್ಲಿಯೇ ಒಂದು ಎಚ್ಚರಿಕೆ ಅಡಗಿದೆ. ಅಲ್ಲಿ ರಾಗಿಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತಾರೆ. ಬಾಲ್ಯದಿಂದ ಬಂದ ಈ ರೂಢಿ ಸಾಮಾನ್ಯ ಜಠರಕ್ಕೆ ತೊಂದರೆ ಕೊಡದು. ಆದರೆ ಕಿರಿದಾದ ಹೊಸ ಜಠರದಲ್ಲಿ ಇಡಿಯಾಗಿ ಇಳಿದ ಮುದ್ದೆಯ ತುತ್ತು ದಾರಿಯನ್ನೇ ಕಟ್ಟಬಲ್ಲದು. ಮುದ್ದೆ ಮೆತ್ತಗಿದೆ, ಹಾಗಾಗಿ ನುಣ್ಣನೆಯ ಆಹಾರದ ಸಾಲಿಗೆ ಸೇರುತ್ತದೆ ಎಂದು ತಿಳಿಯುವುದು ಅಪಾಯಕಾರಿ. ಚಪಾತಿ, ಬ್ರೆಡ್, ಅಂಟಂಟಾದ ಅನ್ನಕ್ಕೂ ಇದೇ ಮಾತು ಅನ್ವಯಿಸುತ್ತದೆ. ಇವು ಒಳಗೆ ಮತ್ತೆ ಉಂಡೆಗಟ್ಟುತ್ತವೆ. ಉತ್ತರ ಕರ್ನಾಟಕದ ಜೋಳದ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನುವುದಕ್ಕೂ ಇನ್ನೂ ಕಾಲ ಬಂದಿರುವುದಿಲ್ಲ.

ಸಿಹಿಯ ಸಮಸ್ಯೆ ಬೇರೆ ಬಗೆಯದು. ಪಾಯಸ, ಹಣ್ಣಿನ ರಸ, ಐಸ್‌ಕ್ರೀಂ ಸಲೀಸಾಗಿ ಇಳಿಯುತ್ತವೆ. ಆದರೆ ಮುಖ್ಯವಾಗಿ ಬೈಪಾಸ್ ಆದವರಲ್ಲಿ ಸಕ್ಕರೆ ಒಮ್ಮೆಗೇ ಸಣ್ಣಕರುಳಿಗೆ ನುಗ್ಗಿದಾಗ ಎದೆ ಡವಗುಟ್ಟುವುದು, ಬೆವರುವುದು, ಹೊಟ್ಟೆ ಹಿಂಡುವುದು, ಭೇದಿ, ವಿಪರೀತ ಸುಸ್ತು ಕಾಣಿಸಿಕೊಳ್ಳುತ್ತವೆ. ವೈದ್ಯರು ಇದನ್ನು ‘ಡಂಪಿಂಗ್’ ಎನ್ನುತ್ತಾರೆ. ಸ್ಲೀವ್ ಆದವರಿಗೆ ಇದು ಕಡಿಮೆ. ಆದರೆ ಸಲೀಸಾಗಿ ಇಳಿಯುವ ಸಿಹಿಯೇ ಮುಂದೆ ಇಳಿದ ತೂಕವನ್ನು ಮರಳಿ ತರುವ ದಾರಿಯಾಗುತ್ತದೆ.

ಸೋಡಾ, ಕೋಲಾದಂಥ ಗ್ಯಾಸ್ ತುಂಬಿದ ಪಾನೀಯಗಳು, ಮದ್ಯ, ಖಾರ, ಒಗ್ಗರಣೆಯ ಸಾಸಿವೆ ಮತ್ತು ಮೆಣಸಿನ ಚೂರು ಇವೆಲ್ಲ ಈ ವಾರಗಳಲ್ಲಿ ನಿಷಿದ್ಧ. ಕಾಫಿ, ಚಹಾದ ಬಗ್ಗೆ ಆಸ್ಪತ್ರೆಗಳ ಸಲಹೆ ಒಂದೇ ತೆರನಾಗಿಲ್ಲ. ಮೊದಲ ತಿಂಗಳು ಬೇಡವೆನ್ನುವವರೇ ಹೆಚ್ಚು.

ತಿನ್ನುವ ರೀತಿ

ಏನು ತಿನ್ನಬೇಕೆಂಬುದರಷ್ಟೇ ಹೇಗೆ ತಿನ್ನಬೇಕೆಂಬುದೂ ಮುಖ್ಯ. ಮಕ್ಕಳ ಚಮಚ, ಪುಟ್ಟ ಬಟ್ಟಲು ಬಳಸುವುದು ಒಳ್ಳೆಯದು. ಎರಡು ಚಮಚಗಳ ನಡುವೆ ಅರ್ಧ ನಿಮಿಷವಾದರೂ ಬಿಡುವಿರಬೇಕು, ಒಂದು ಹೊತ್ತಿನ ಊಟಕ್ಕೆ ಇಪ್ಪತ್ತರಿಂದ ಮೂವತ್ತು ನಿಮಿಷ ಹಿಡಿಯಬೇಕು. ಟಿವಿ, ಮೊಬೈಲ್ ನೋಡುತ್ತ ತಿಂದರೆ ದೇಹದ ಸೂಚನೆಗಳು ಗಮನಕ್ಕೆ ಬಾರವು. ಒಂದು ದಿನಕ್ಕೆ ಒಂದೇ ಹೊಸ ಪದಾರ್ಥ ಸೇರಿಸಿದರೆ, ಒಗ್ಗದಿದ್ದಾಗ ಕಾರಣ ಯಾವುದೆಂದು ತಿಳಿಯುವುದು ಸುಲಭ.

ಹೊಟ್ಟೆ ತುಂಬಿತೆಂಬ ಸೂಚನೆಯೂ ಈಗ ಮೊದಲಿನಂತಿರುವುದಿಲ್ಲ. ಎದೆಗೂಡಿನ ಕೆಳಗೆ ಒತ್ತಿದಂತಾಗುವುದು, ಬಿಕ್ಕಳಿಕೆ, ಇದ್ದಕ್ಕಿದ್ದಂತೆ ಮೂಗು ಸೋರುವುದು, ಬಾಯಲ್ಲಿ ನೊರೆಯಂಥ ಜೊಲ್ಲು ತುಂಬುವುದು, ಇವುಗಳಲ್ಲಿ ಯಾವುದು ಕಂಡರೂ ಅಲ್ಲಿಗೇ ನಿಲ್ಲಿಸಬೇಕು. ಬಟ್ಟಲಿನಲ್ಲಿ ಉಳಿದ ಒಂದು ಚಮಚವನ್ನು ವ್ಯರ್ಥವಾದೀತೆಂದು ನುಂಗುವ ಅಗತ್ಯವಿಲ್ಲ.

ಊಟದ ನಡುವೆ ನೀರು ಕುಡಿಯುವ ರೂಢಿಯನ್ನು ಬಿಡಲೇಬೇಕು. ಇರುವ ಸ್ವಲ್ಪ ಜಾಗವನ್ನು ನೀರೇ ಆಕ್ರಮಿಸಿದರೆ ಆಹಾರಕ್ಕೆ ಎಡೆಯಿಲ್ಲ. ಊಟವಾದ ಬಳಿಕ ಅರ್ಧ ಗಂಟೆ ಬಿಟ್ಟು ಕುಡಿಯುವುದು ಸಾಮಾನ್ಯ ನಿಯಮ. ಹಾಗೆಂದು ನೀರನ್ನೇ ಮರೆಯಬಾರದು. ದ್ರವದ ಹಂತ ಮುಗಿಯಿತೆಂದು ಕುಡಿಯುವುದನ್ನು ಕಡಿಮೆ ಮಾಡಿ ನಿರ್ಜಲೀಕರಣಕ್ಕೆ ತುತ್ತಾಗಿ ಮತ್ತೆ ಆಸ್ಪತ್ರೆ ಸೇರುವವರಿದ್ದಾರೆ. ಮೂತ್ರ ಗಾಢ ಹಳದಿಯಾಗುವುದು, ಎದ್ದು ನಿಂತರೆ ತಲೆ ಸುತ್ತುವುದು ಇದರ ಲಕ್ಷಣಗಳು.

ವಾಂತಿಯನ್ನು ಹಗುರವಾಗಿ ಕಾಣಬಾರದು

ಒಮ್ಮೆ ಅವಸರದಿಂದ ತಿಂದು ವಾಂತಿಯಾದರೆ ಗಾಬರಿ ಬೇಡ. ಒಂದು ದಿನ ದ್ರವಾಹಾರಕ್ಕೆ ಮರಳಿ, ಮತ್ತೆ ನಿಧಾನವಾಗಿ ಆರಂಭಿಸಿದರೆ ಸರಿಹೋಗುತ್ತದೆ. ಆದರೆ ವಾಂತಿ ದಿನವೂ ಮರುಕಳಿಸಿದರೆ, ದ್ರವವೂ ನಿಲ್ಲದಿದ್ದರೆ ಅದನ್ನು ‘ಆಪರೇಷನ್ ಆದವರಿಗೆ ಇದು ಮಾಮೂಲು’ ಎಂದು ತಳ್ಳಿಹಾಕುವಂತಿಲ್ಲ.

ಇದಕ್ಕೆ ಹೆಚ್ಚಿನ ಜನರಿಗೆ ತಿಳಿಯದ ಕಾರಣವೊಂದಿದೆ. ಥಯಮಿನ್ ಎಂಬ ಬಿ1 ಜೀವಸತ್ವದ ದಾಸ್ತಾನು ದೇಹದಲ್ಲಿ ಎರಡು ಮೂರು ವಾರಗಳಿಗೆ ಸಾಲುವಷ್ಟು ಮಾತ್ರ ಇರುತ್ತದೆ. ಶಸ್ತ್ರಚಿಕಿತ್ಸೆಯ ಬಳಿಕ ತಿನ್ನುವುದೇ ಕಡಿಮೆ, ಅದರ ಮೇಲೆ ವಾಂತಿಯೂ ಸೇರಿದರೆ ಅದು ಬರಿದಾಗುತ್ತದೆ. ಆಗ ಮಿದುಳಿಗೆ ಘಾಸಿಯಾಗಿ ‘ವರ್ನಿಕೆ’ ಎಂಬ ಸ್ಥಿತಿ ತಲೆದೋರಬಹುದು. ಮಂಪರು ಅಥವಾ ಗೊಂದಲ, ಒಂದು ವಸ್ತು ಎರಡಾಗಿ ಕಾಣುವುದು, ನಡೆಯುವಾಗ ಓಲಾಡುವುದು ಅದರ ಲಕ್ಷಣಗಳು. ಕೂಡಲೇ ಥಯಮಿನ್ ಚುಚ್ಚುಮದ್ದು ಕೊಟ್ಟರೆ ಗುಣವಾಗುವ ಈ ತೊಂದರೆ, ತಡವಾದರೆ ನೆನಪಿನ ಶಕ್ತಿಯನ್ನು ಶಾಶ್ವತವಾಗಿ ಕುಂದಿಸಬಲ್ಲದು.

ಸುಸ್ತಾದವರಿಗೆ ಹತ್ತಿರದ ಕ್ಲಿನಿಕ್ಕಿನಲ್ಲಿ ಒಂದು ಬಾಟಲಿ ಗ್ಲೂಕೋಸ್ ಹಾಕಿಸುವುದು ನಮ್ಮಲ್ಲಿ ರೂಢಿ. ಥಯಮಿನ್ ಕೊರತೆಯಿರುವವರಿಗೆ ಅದನ್ನು ಕೊಡದೆ ಗ್ಲೂಕೋಸ್ ಮಾತ್ರ ಏರಿಸಿದರೆ ಸ್ಥಿತಿ ಇನ್ನಷ್ಟು ಬಿಗಡಾಯಿಸುತ್ತದೆ. ಆದ್ದರಿಂದ ಯಾವ ಊರಿನ ಯಾವ ವೈದ್ಯರ ಬಳಿ ಹೋದರೂ, ಇಂಥ ದಿನ ಇಂಥ ಶಸ್ತ್ರಚಿಕಿತ್ಸೆಯಾಗಿದೆ, ಇಷ್ಟು ದಿನಗಳಿಂದ ವಾಂತಿಯಾಗುತ್ತಿದೆ ಎಂಬುದನ್ನು ಮೊದಲು ಹೇಳಬೇಕು. ಡಿಸ್ಚಾರ್ಜ್ ಚೀಟಿಯ ಪ್ರತಿಯೊಂದು ಸದಾ ಜೊತೆಗಿರಲಿ.

ಸ್ಟೇಪಲ್ ಸಾಲಿನಲ್ಲಿ ಸೋರಿಕೆಯಾಗುವುದು ಇನ್ನೊಂದು ಅಪಾಯ. ಅನುಭವಿ ಕೇಂದ್ರಗಳಲ್ಲಿ ಇದು ಅಪರೂಪ, ನೂರಕ್ಕೆ ಒಂದರ ಆಸುಪಾಸು. ಆದರೆ ಕೆಲವರಲ್ಲಿ ಇದು ಮನೆಗೆ ಮರಳಿದ ಮೇಲೆ ಪ್ರಕಟವಾಗುತ್ತದೆ. ವಿಶ್ರಾಂತಿಯಲ್ಲಿದ್ದರೂ ನಾಡಿಬಡಿತ ನಿಮಿಷಕ್ಕೆ 120ಕ್ಕಿಂತ ಮೇಲೆಯೇ ಉಳಿಯುವುದು, ಜ್ವರ, ಏದುಸಿರು, ಹೆಚ್ಚುತ್ತ ಹೋಗುವ ಹೊಟ್ಟೆನೋವು, ಎಡಭುಜದಲ್ಲಿ ನೋವು ಕಂಡರೆ ಬೆಳಗಾಗಲೆಂದು ಕಾಯದೆ ಶಸ್ತ್ರಚಿಕಿತ್ಸೆ ನಡೆದ ಆಸ್ಪತ್ರೆಯನ್ನು ಸಂಪರ್ಕಿಸಬೇಕು.

ಔಷಧಗಳ ವಿಚಾರ

ಆಹಾರ ಬದಲಾದಂತೆ ಔಷಧಗಳೂ ಬದಲಾಗಬೇಕಾಗುತ್ತದೆ. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳನ್ನೂ ಇನ್ಸುಲಿನನ್ನೂ ಹಳೆಯ ಪ್ರಮಾಣದಲ್ಲಿಯೇ ಮುಂದುವರಿಸಿದರೆ, ಊಟ ಇಷ್ಟು ಕಡಿಮೆಯಾಗಿರುವಾಗ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ರಕ್ತದೊತ್ತಡದ ಮಾತ್ರೆಗಳನ್ನೂ ಮರುಪರಿಶೀಲಿಸಬೇಕು. ದೊಡ್ಡ ಮಾತ್ರೆಗಳನ್ನು ಕೆಲವೊಮ್ಮೆ ಪುಡಿ ಮಾಡಿ ಕೊಡುತ್ತಾರೆ. ಆದರೆ ನಿಧಾನವಾಗಿ ಕರಗುವಂತೆ ತಯಾರಿಸಿದ ಮಾತ್ರೆಗಳನ್ನು ಪುಡಿ ಮಾಡುವಂತಿಲ್ಲ. ಔಷಧ ಅಂಗಡಿಯಿಂದ ತಾವೇ ತಂದು ನುಂಗುವ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವುನಿವಾರಕಗಳು ಹೊಸ ಜಠರದಲ್ಲಿ ಹುಣ್ಣು ತರಬಲ್ಲವು. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವಗಳನ್ನು ಒಳಗೊಂಡ ಪೂರಕಗಳು ಬಹುತೇಕ ಜೀವನಪರ್ಯಂತ ಬೇಕಾಗುತ್ತವೆ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳ ನಡುವೆ ಎರಡು ಗಂಟೆಯಾದರೂ ಅಂತರವಿರಬೇಕು. ಒಟ್ಟಿಗೆ ತೆಗೆದುಕೊಂಡರೆ ಕಬ್ಬಿಣ ಸರಿಯಾಗಿ ಹೀರಲ್ಪಡುವುದಿಲ್ಲ.

ಮನೆಯವರ ಪಾತ್ರ

ಮೂರು ಚಮಚ ತೊವ್ವೆ ತಿಂದು ಸಾಕೆನ್ನುವವರನ್ನು ಕಂಡಾಗ ಮನೆಯ ಹಿರಿಯರ ಕರುಳು ಚುರ್ರೆನ್ನುವುದು ಸಹಜ. ‘ಇನ್ನೊಂದು ತುತ್ತು’ ಎಂದು ಒತ್ತಾಯಿಸುವುದು ನಮ್ಮಲ್ಲಿ ಪ್ರೀತಿಯ ಭಾಷೆ. ಆದರೆ ಈ ವಾರಗಳಲ್ಲಿ ಆ ಒಂದು ತುತ್ತೇ ವಾಂತಿಗೆ ಕಾರಣವಾದೀತು. ಹಬ್ಬ, ಮದುವೆ, ಗೃಹಪ್ರವೇಶಗಳು ನಡುವೆ ಬಂದರೆ ಹೋಗಿ ಬರಬಹುದು, ಎಲೆಯ ಮುಂದೆ ಕೂರಲೇಬೇಕೆಂದಿಲ್ಲ. ರೋಗಿಗೆ ಬೇಕಾದ ಊಟವನ್ನು ಎರಡು ದಿನಕ್ಕಾಗುವಷ್ಟು ರುಬ್ಬಿ, ನಾಲ್ಕು ಚಮಚ ಹಿಡಿಯುವ ಪುಟ್ಟ ಡಬ್ಬಿಗಳಲ್ಲಿ ತುಂಬಿ ಫ್ರಿಜ್ಜಿನಲ್ಲಿಟ್ಟರೆ ಮನೆಯವರ ಕೆಲಸವೂ ಹಗುರವಾಗುತ್ತದೆ, ಅಳತೆಯೂ ತಪ್ಪುವುದಿಲ್ಲ.

ಎರಡು ವಾರ ನುಣ್ಣನೆಯ ಆಹಾರ ತೊಂದರೆಯಿಲ್ಲದೆ ಇಳಿದು, ನೀರು ಮತ್ತು ಪ್ರೋಟೀನಿನ ಲೆಕ್ಕ ಸರಿಹೋದರೆ ಮೆತ್ತನೆಯ ಆಹಾರದ ಸರದಿ. ಚೆನ್ನಾಗಿ ಬೇಯಿಸಿ ಹಿಸುಕಿದ ತರಕಾರಿ, ಮೃದುವಾದ ಮೊಟ್ಟೆ, ಪುಡಿ ಮಾಡಿದ ಪನೀರ್ ತಟ್ಟೆಗೆ ಬರುತ್ತವೆ, ಅಗಿಯುವ ಕೆಲಸ ಮತ್ತೆ ಶುರುವಾಗುತ್ತದೆ. ನುಣ್ಣನೆಯ ಊಟದ ದಿನಗಳಲ್ಲಿ ನಿಧಾನವಾಗಿ ತಿನ್ನುವುದನ್ನು, ಸಾಕೆನಿಸಿದಲ್ಲಿ ನಿಲ್ಲಿಸುವುದನ್ನು ಕಲಿತವರಿಗೆ ಮುಂದಿನ ಹಂತ ಕಷ್ಟವಾಗುವುದಿಲ್ಲ. ಆ ಹಂತ ಒಗ್ಗದಿದ್ದರೆ ಕೆಲವು ದಿನ ಮತ್ತೆ ತೊವ್ವೆಗೆ ಮರಳುವುದರಲ್ಲಿ ಸೋಲೇನೂ ಇಲ್ಲ.